ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?

ಯೂಟ್ಯೂಬಿನಲ್ಲಿ ಸೈಲೆನ್ಸರಿನ ಸದ್ದು ಕೇಳಿಯೇ ಸಾವಿರ ಡಾಲರ್ ತೆತ್ತುಬಿಡುವ ಜನರಿದ್ದಾರೆ. ಆ ವಿಡಿಯೋಗಳೆಲ್ಲ ಒಂದೇ ಅಚ್ಚಿನವು. ಪಿಕಪ್ ಟ್ರಕ್ಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಮೊಬೈಲ್ ಹಿಡಿದವನೊಬ್ಬ, ಒಳಗೆ ಕುಳಿತು ಆಕ್ಸಿಲರೇಟರ್ ತುಳಿಯುವವನು ಇನ್ನೊಬ್ಬ. ಮೊದಲು ಕಾರ್ಖಾನೆಯ ಸೈಲೆನ್ಸರ್, ಆಮೇಲೆ ಹೊಸದು, ಕೊನೆಗೆ ಇಬ್ಬರ ನಗು. ರಾತ್ರಿ ಊಟವಾದ ಮೇಲೆ ಇಂಥವನ್ನು ಒಂದರ ಮೇಲೊಂದು ನೋಡುವುದು ಕೆಲವು ಕಾಲ ನನ್ನ ಚಟವಾಗಿತ್ತು. ಯಾವುದನ್ನು ಕೊಳ್ಳಬೇಕು ಎಂಬುದಂತೂ ಅದರಿಂದ ತಿಳಿಯಲಿಲ್ಲ. ಆ ವಿಡಿಯೋಗಳಿಂದ ತಿಳಿಯುವುದು ಸಾಧ್ಯವೂ ಇಲ್ಲ ಎಂಬುದು ಮಾತ್ರ ತಿಳಿಯಿತು.

ಕಾರಣ ಸರಳ. ಸದ್ದು ಒಂದು ಮಟ್ಟ ಮೀರಿದ ಕೂಡಲೇ ಮೊಬೈಲಿನ ಮೈಕು ತಾನಾಗಿ ಅದನ್ನು ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ಜೋರಾದದ್ದೂ ಅದಕ್ಕಿಂತ ಜೋರಾದದ್ದೂ ಕೇಳುವವರಿಗೆ ಹೆಚ್ಚುಕಡಿಮೆ ಒಂದೇ. ಇನ್ನು ಕೇಳುವ ಮೊಬೈಲಿನ ಪುಟ್ಟ ಸ್ಪೀಕರಿಗೆ ನೂರು ಹರ್ಟ್ಜ್‌ನ ಆಸುಪಾಸಿನ ತಗ್ಗು ಸ್ವರಗಳನ್ನು ನುಡಿಸುವ ತ್ರಾಣವೇ ಇಲ್ಲ. ಎಂಟು ಸಿಲಿಂಡರಿನ ವಿ8 ಎಂಜಿನ್ನಿನ ಪಿಕಪ್ ಹೆದ್ದಾರಿಯಲ್ಲಿ ಓಡುವಾಗ ಒಳಗಿನವರ ತಲೆ ತಿನ್ನುವ ಸದ್ದು ಇರುವುದು ಸರಿಯಾಗಿ ಆ ಜಾಗದಲ್ಲಿ. ಎಂದರೆ ಕೊಂಡ ಮೇಲೆ ಯಾವುದರ ಜೊತೆ ಬಾಳಬೇಕೋ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವೂ ವಿಡಿಯೋದಲ್ಲಿ ಕೇಳಿಸುತ್ತದೆ.

ನಾನಿರುವುದು ಡಲ್ಲಾಸಿನ ಉತ್ತರಕ್ಕೆ, ಇಟ್ಟಿಗೆ ಮುಖದ ಮನೆಗಳು ಸಾಲಾಗಿ ನಿಂತ ಒಂದು ಬಡಾವಣೆಯಲ್ಲಿ. ಟೆಕ್ಸಸ್ಸಿನಲ್ಲಿ ಪಿಕಪ್ ಇಟ್ಟುಕೊಳ್ಳಲು ಯಾರಿಗೂ ಕಾರಣ ಹೇಳಬೇಕಿಲ್ಲ. ಫೋರ್ಡಿನ ಎಫ್ ಸರಣಿ 1977ರಿಂದ ಈ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಶೆವರ್ಲೆಯ ಸಿಲ್ವೆರಾಡೋ ಅದರ ಬೆನ್ನಿಗೇ ಇರುವ ಎದುರಾಳಿ. ಆದರೆ ಕನ್ನಡಿಗನೊಬ್ಬ ಪಿಕಪ್ ಕೊಂಡರೆ ಕನ್ನಡಿಗರು ಬಿಡುವುದಿಲ್ಲ. “ಕೊತ್ತಂಬರಿ ಸೊಪ್ಪು ತರಲು ಲಾರಿ ಬೇಕಾಯಿತೇ ಸಾರ್?” ಎಂದು ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಕೇಳಿದವರೇ ಮುಂದೆ ಮನೆ ಬದಲಾಯಿಸುವಾಗ ಸೋಫಾ ಸಾಗಿಸಲು ಫೋನ್ ಮಾಡಿದ್ದಾರೆ. ಯುಗಾದಿಯ ಆ ಬಿಸಿಬೇಳೆಬಾತಿನ ಹಂಡೆ ಸಭಾಂಗಣಕ್ಕೆ ಬಂದದ್ದೂ ನನ್ನ ಲಾರಿಯಲ್ಲೇ.

ನನ್ನದು 2016ರ ಸಿಲ್ವೆರಾಡೋ, ನಾಲ್ಕು ಬಾಗಿಲಿನದು. ಎಂಜಿನ್ 5.3 ಲೀಟರಿನ ವಿ8, 355 ಅಶ್ವಶಕ್ತಿ. ಇಷ್ಟೆಲ್ಲ ಇದ್ದೂ ಕಾರ್ಖಾನೆಯಿಂದ ಬಂದಾಗ ಅದರ ದನಿ ಎಷ್ಟು ಸಭ್ಯವೆಂದರೆ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಡೆಯುತ್ತಿದೆಯೇ ಎಂದು ಮೀಟರಿನ ಮುಳ್ಳು ನೋಡಿ ಖಚಿತಪಡಿಸಿಕೊಳ್ಳಬೇಕು. ನನಗೆ ಎಂಜಿನ್ನಿನ ಸದ್ದು ಬೇಕು. ಅದನ್ನು ಬೇರೆ ಯಾವ ಉಪಯೋಗದ ಹೆಸರಿನಲ್ಲೂ ಮುಚ್ಚಿಡುವುದಿಲ್ಲ. ಸೈಲೆನ್ಸರ್ ಬದಲಿಸಿದರೆ ಶಕ್ತಿ ಹೆಚ್ಚುತ್ತದೆ, ಮೈಲೇಜು ಹೆಚ್ಚುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ. ಹೆಚ್ಚುವ ಐದು ಹತ್ತು ಅಶ್ವಶಕ್ತಿಯನ್ನು ದಿನನಿತ್ಯದ ಓಡಾಟದಲ್ಲಿ ಗುರುತಿಸುವ ಚಾಲಕ ನನಗಿನ್ನೂ ಸಿಕ್ಕಿಲ್ಲ.

ಅಮೆರಿಕದ ವಿ8ಕ್ಕೆ ಆ ಗುಡುಗುಡು ಎಲ್ಲಿಂದ ಬರುತ್ತದೆ ಎಂಬುದು ಸೈಲೆನ್ಸರಿಗಿಂತ ಮೊದಲಿನ ಪ್ರಶ್ನೆ. ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲು, ಎಡಕ್ಕೊಂದು ಬಲಕ್ಕೊಂದು. ಒಟ್ಟು ಎಂಜಿನ್ನಿನ ಲೆಕ್ಕದಲ್ಲಿ ಸ್ಫೋಟಗಳು ಸಮಾನ ಅಂತರದಲ್ಲೇ ಆಗುತ್ತವೆ, ಕ್ರ್ಯಾಂಕು, ಎಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ತೊಂಬತ್ತು ಡಿಗ್ರಿ ತಿರುಗಿದಾಗಲೊಮ್ಮೆ. ಆದರೆ ಶೆವರ್ಲೆಯ ಮಾತೃ ಕಂಪನಿ ಜನರಲ್ ಮೋಟಾರ್ಸಿನ ಈ ಎಂಜಿನ್ನಿನಲ್ಲಿ ಉರಿಯುವ ಕ್ರಮ 1-8-7-2-6-5-4-3. ಬೆಸ ಸಂಖ್ಯೆಯವು ಎಡ ಸಾಲು, ಸಮ ಸಂಖ್ಯೆಯವು ಬಲ ಸಾಲು. ತೊಡೆಯ ಮೇಲೆ ಎರಡೂ ಕೈಯಿಂದ ತಟ್ಟಿ ನೋಡಿ: ಎಡ, ಬಲ, ಎಡ, ಬಲ, ಬಲ, ಎಡ, ಬಲ, ಎಡ. ಮತ್ತೆ ಮೊದಲಿನಿಂದ ಎಡ. ಎರಡು ಕಡೆ ತಾಳ ತಪ್ಪಿದಂತಾಗುತ್ತದೆ. ಬಲಗೈ ಒಮ್ಮೆ, ಎಡಗೈ ಒಮ್ಮೆ ಎರಡೆರಡು ಸಲ ಬೀಳುತ್ತದೆ. ಒಂದೊಂದು ಸಾಲಿನ ಕೊಳವೆಯಲ್ಲಿ ಹೊಗೆ ಹೊರಡುವುದು ಹೀಗೆ ಏರುಪೇರಾಗಿ. ಆ ಏರುಪೇರೇ ನಮಗೆ ಕೇಳುವ ಗುಡುಗುಡು. ಅದುರುವಿಕೆ ಕಡಿಮೆ ಮಾಡಲೆಂದು 1920ರ ದಶಕದಲ್ಲಿ ಕ್ಯಾಡಿಲಾಕ್ ಬಳಕೆಗೆ ತಂದ ಕ್ರ್ಯಾಂಕಿನ ವಿನ್ಯಾಸದ ಅಡ್ಡ ಫಲ ಇದು. ಫೆರಾರಿಯ ವಿ8ರಲ್ಲಿ ಕ್ರ್ಯಾಂಕಿನ ವಿನ್ಯಾಸವೇ ಬೇರೆ. ಎಡ ಬಲಗಳು ತಪ್ಪದೆ ಸರದಿಯಲ್ಲಿ ಬರುತ್ತವೆ, ಆದ್ದರಿಂದ ಅದು ಗುಡುಗುವುದಿಲ್ಲ, ಕಿರುಚುತ್ತದೆ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅವರು ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿಯನ್ನು ಹೊಳಪು ಕೆಡದಂತೆ ಓಡಿಸಿದವರು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಬಿಡಿಭಾಗ ಹುಡುಕಿಕೊಂಡು ಅದನ್ನು ನಡೆಸಿದರು. ಅಂಗಳದಲ್ಲಿ ಬಗ್ಗಿ ನನ್ನ ಗಾಡಿಯ ಹಿಂಭಾಗವನ್ನು ನೋಡಿ, “ಎಂಟು ಸಿಲಿಂಡರಿಗೆ ಒಂದೇ ಸೈಲೆನ್ಸರೇನೋ? ನನ್ನ ಯೆಜ್ಡಿಯ ಒಂದು ಸಿಲಿಂಡರಿಗೇ ಎರಡಿತ್ತು” ಎಂದರು. ಎದುರಾಡುವಂತಿಲ್ಲ. ಆ ಎರಡು ಸ್ಟ್ರೋಕಿನ ಎಂಜಿನ್ನಿನ ಒಂದೇ ಸಿಲಿಂಡರಿನಿಂದ ಎರಡು ಕೊಳವೆಗಳು ಹೊರಟು ಚಕ್ರದ ಎರಡೂ ಬದಿಗೆ ಹೋಗುತ್ತಿದ್ದವು, ನಿಜ.

ಸೈಲೆನ್ಸರಿಗೆ ನೂರಿಪ್ಪತ್ತು ವರ್ಷ ದಾಟಿದೆ. ಇಂಡಿಯಾನಾದ ಕೊಲಂಬಸ್ ಎಂಬ ಊರಿನ ರೀವ್ಸ್ ಸಹೋದರರು ಎಂಜಿನ್ನಿನ ಸದ್ದಡಗಿಸುವ ಉಪಕರಣಕ್ಕೆ ಪೇಟೆಂಟ್ ಪಡೆದದ್ದು 1897ರಲ್ಲಿ. ಮೋಟಾರು ಗಾಡಿ ಹುಟ್ಟಿ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಅದರ ಬಾಯಿ ಮುಚ್ಚಿಸುವ ಕೆಲಸ ಶುರುವಾಗಿತ್ತು. ಇಂದು ಅಂಗಡಿಯಲ್ಲಿ ಸಿಗುವವು ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಡಬ್ಬಿಯೊಳಗೆ ತಗಡಿನ ಗೋಡೆಗಳಿಂದ ಕೋಣೆಗಳನ್ನು ಮಾಡಿರುತ್ತಾರೆ. ಸದ್ದಿನ ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ ಒಂದನ್ನೊಂದು ಕೊಲ್ಲುತ್ತವೆ. ಫ್ಲೋಮಾಸ್ಟರಿನ 40 ಸರಣಿ ಈ ಜಾತಿಯದು. ಒಂದು ಕಾಲದ ಪಿಕಪ್ಪುಗಳ ಒರಟು ಗಂಟಲೆಂದರೆ ಅದೇ. ಇನ್ನೊಂದು ಜಾತಿಯಲ್ಲಿ ಕೊಳವೆ ನೇರವಾಗಿ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಈ ಕಡೆಯಿಂದ ಕಣ್ಣಿಟ್ಟರೆ ಆ ಕಡೆಯ ಬೆಳಕು ಕಾಣುತ್ತದೆ. ಕೊಳವೆಯ ಮೈತುಂಬ ತೂತು, ಅದರ ಸುತ್ತ ಗಾಜಿನ ನಾರು ಅಥವಾ ಉಕ್ಕಿನ ನಾರು ತುಂಬಿರುತ್ತಾರೆ. ಸದ್ದು ನಾರಿನೊಳಗೆ ಹೊಕ್ಕು ಬಿಸಿಯಾಗಿ ಕರಗುತ್ತದೆ. ಬೋರ್ಲಾ, ಮ್ಯಾಗ್ನಾಫ್ಲೋ ಈ ದಾರಿಯವರು. ಬೋರ್ಲಾದವರು ನನ್ನ ಗಾಡಿಗೇ ಟೂರಿಂಗ್, ಎಸ್-ಟೈಪ್, ಅಟ್ಯಾಕ್ ಎಂದು ಮೆದುವಿನಿಂದ ಉಗ್ರದವರೆಗೆ ಮೂರು ದರ್ಜೆ ಮಾರುತ್ತಾರೆ. ಇವೆಲ್ಲಕ್ಕಿಂತ ಅಗ್ಗದ ದಾರಿ ಇನ್ನೊಂದಿದೆ: ಡಬ್ಬಿಯನ್ನೇ ಕತ್ತರಿಸಿ ಎಸೆದು ಆ ಜಾಗಕ್ಕೆ ಬರೀ ಕೊಳವೆ ಬೆಸೆಯುವುದು. ಅದನ್ನು ಮಾಡಿಸಿಕೊಂಡವರು ನಮ್ಮ ಕಚೇರಿಯಲ್ಲಿ ಒಬ್ಬರಿದ್ದಾರೆ. ಅವರು ಬಂದದ್ದು ಮೂರನೆಯ ಮಹಡಿಗೂ ತಿಳಿಯುತ್ತದೆ.

ಯಾವುದನ್ನು ಹಾಕಿದರೂ, ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರನ್ನು ಮುಟ್ಟುವಂತಿಲ್ಲ. ಅದನ್ನು ತೆಗೆಯುವುದು ಅಮೆರಿಕದ ಶುದ್ಧ ಗಾಳಿ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದಲೇ ಪೇಟೆಯಲ್ಲಿರುವುದರಲ್ಲಿ ಹೆಚ್ಚಿನದು ಕನ್ವರ್ಟರಿನಿಂದ ಹಿಂದಕ್ಕೆ ಜೋಡಿಸುವ ಸರಕು.

ನಾನು ಹೋದದ್ದು ಗಾರ್ಲಂಡಿನ ಒಂದು ಹಳೆಯ ಸೈಲೆನ್ಸರ್ ಅಂಗಡಿಗೆ. ತಗಡಿನ ಚಾವಣಿ, ಎರಡು ಲಿಫ್ಟು, ಗೋಡೆಗೆ ಒರಗಿಸಿಟ್ಟ ಬಾಗಿದ ಕೊಳವೆಗಳು. ಮೆಕ್ಸಿಕೋ ಮೂಲದ ಯಜಮಾನರು ಮೂವತ್ತು ವರ್ಷದಿಂದ ಬೇರೆ ಏನನ್ನೂ ಮಾಡಿದವರಲ್ಲ. ನಾನು ಮೊಬೈಲ್ ತೆಗೆದು ನನಗೆ ಮೆಚ್ಚುಗೆಯಾದ ವಿಡಿಯೋ ತೋರಿಸಲು ಹೋದೆ. ಅವರು ಅದನ್ನು ನೋಡಲೇ ಇಲ್ಲ. “ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?” ಎಂದು ಕೇಳಿದರು.

ನಾನು ಮಕ್ಕಳು ಎಂದೆ, ಊರಿನಿಂದ ಬಂದಾಗ ಅಪ್ಪ ಅಮ್ಮ ಎಂದೆ. ಅವರು ಹಿಂಬಾಗಿಲು ತೆರೆದು ಸೀಟಿನ ಬೆನ್ನಿನ ಹಿಂದಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. ಡಬಡಬ ಎಂದಿತು. ಕಾರಿನಲ್ಲಿ ಹಿಂದಿನ ಸೀಟಿನ ಆಚೆ ಡಿಕ್ಕಿ ಇರುತ್ತದೆ, ಅದರಾಚೆ ಸೈಲೆನ್ಸರ್. ಪಿಕಪ್ಪಿನಲ್ಲಿ ಹಿಂದಿನ ಸೀಟಿಗೆ ಒರಗಿದಂತೆಯೇ ಒಂದು ಚಪ್ಪಟೆ ತಗಡು, ಒಂದು ಚಪ್ಪಟೆ ಗಾಜು; ಅದರ ಹಿಂದೆ ಬಯಲು. ಎಂಜಿನ್ನಿನ ಸ್ವರ ಕ್ಯಾಬಿನ್ನಿನ ಸ್ವರಕ್ಕೆ ಹೊಂದಿಕೊಂಡ ವೇಗದಲ್ಲಿ ಆ ತಗಡು ತಾನೂ ಮಿಡಿಯತೊಡಗುತ್ತದೆ. ಖಾಲಿ ಬಾಟಲಿಯ ಬಾಯಿಗೆ ತುಟಿ ಹಚ್ಚಿ ಊದಿದಾಗ ಹೊರಡುವ ಹೂಂಕಾರವನ್ನು ನೆನೆಸಿಕೊಳ್ಳಿ. ಬಾಟಲಿಯೊಳಗೆ ನೀವೇ ಕುಳಿತಿದ್ದೀರಿ, ಊದುವವನು ಬಾಯಿ ತೆಗೆಯುವುದೇ ಇಲ್ಲ. ಇಲ್ಲಿನವರು ಇದನ್ನು ಡ್ರೋನ್ ಎನ್ನುತ್ತಾರೆ. ಡಲ್ಲಾಸಿನಿಂದ ಆಸ್ಟಿನ್ನಿಗೆ ಮೂರು ಗಂಟೆಯ ದಾರಿ. ಡ್ರೋನ್ ಇರುವ ಗಾಡಿಯಲ್ಲಿ ಅರ್ಧ ದಾರಿಯ ವೇಕೋ ತಲುಪುವಷ್ಟರಲ್ಲಿ ಮನೆಯವರು ಮಾತು ಬಿಟ್ಟಿರುತ್ತಾರೆ.

ಲೆಕ್ಕ ಹಾಕಿದರೆ ಮರ್ಮ ಅರ್ಥವಾಗುತ್ತದೆ. ಗಂಟೆಗೆ ಎಪ್ಪತ್ತು ಮೈಲಿ ವೇಗದಲ್ಲಿ ನನ್ನ ಗಾಡಿಯ ಎಂಜಿನ್ ನಿಮಿಷಕ್ಕೆ ಸುಮಾರು 1,700 ಸುತ್ತು ಸುತ್ತುತ್ತದೆ. ವಿ8ರಲ್ಲಿ ಒಂದು ಸುತ್ತಿಗೆ ನಾಲ್ಕು ಸ್ಫೋಟ; ಸೆಕೆಂಡಿಗೆ 113. ಎಂದರೆ 113 ಹರ್ಟ್ಜ್. ಇದನ್ನು ಅಡಗಿಸಲು ಒಂದು ಚೆಂದದ ಉಪಾಯವಿದೆ. ಮುಖ್ಯ ಕೊಳವೆಯ ಪಕ್ಕಕ್ಕೆ, ಆಚೆ ತುದಿ ಮುಚ್ಚಿದ ಒಂದು ಕವಲು ಕೊಳವೆ ಬೆಸೆಯುತ್ತಾರೆ. ಉದ್ದ ಸರಿಯಾಗಿ ಅಲೆಯ ಕಾಲು ಭಾಗ. ಅಲೆ ಒಳಗೆ ಹೋಗಿ ಗೋಡೆಗೆ ಬಡಿದು ಹಿಂದೆ ಬರುವಷ್ಟರಲ್ಲಿ ಅರ್ಧ ಹೆಜ್ಜೆ ತಡವಾಗಿ, ಎದುರಿಗೆ ಬರುವ ಅಲೆಯನ್ನು ನುಂಗಿಹಾಕುತ್ತದೆ. ಮುನ್ನೂರು ಡಿಗ್ರಿ ಬಿಸಿಯಿರುವ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 480 ಮೀಟರ್ ಓಡುತ್ತದೆ. 113 ಹರ್ಟ್ಜ್‌ಗೆ ಅಲೆಯ ಕಾಲು ಭಾಗವೆಂದರೆ ಒಂದು ಮೀಟರಿಗಿಂತ ತುಸು ಹೆಚ್ಚು. ಗಾಡಿಯ ಹೊಟ್ಟೆಯ ಕೆಳಗೆ ಅಷ್ಟು ಜಾಗ ಸಿಗುತ್ತದೆ.

ತೊಡಕು ಬರುವುದು ಆಮೇಲೆ. ಪೆಟ್ರೋಲ್ ಉಳಿಸಲೆಂದು ಈ ಎಂಜಿನ್, ಸಮತಟ್ಟಾದ ರಸ್ತೆಯಲ್ಲಿ ಹೆಚ್ಚು ಶಕ್ತಿ ಬೇಡದಿದ್ದಾಗ, 1, 4, 6, 7ನೇ ಸಿಲಿಂಡರುಗಳನ್ನು ಮಲಗಿಸಿ ನಾಲ್ಕರಲ್ಲೇ ಓಡುತ್ತದೆ. ಸ್ಫೋಟ ಅರ್ಧಕ್ಕಿಳಿದು ಸ್ವರ 57 ಹರ್ಟ್ಜ್‌ಗೆ ಇಳಿಯುತ್ತದೆ. ಒಂದು ಮೀಟರಿನ ಕವಲು ಈಗ ಕೆಲಸಕ್ಕೆ ಬಾರದು. ಎರಡು ಮೀಟರಿನದು ಬೇಕು. ಕೊಳವೆ, ಆಕ್ಸಲು, ಸ್ಟೆಪ್ನಿ ಎಲ್ಲ ಸೇರಿ ಕೆಳಗೆ ಅಷ್ಟು ಜಾಗವೇ ಉಳಿದಿರುವುದಿಲ್ಲ. ಕಾರ್ಖಾನೆಯವರಿಗೂ ಈ ತಲೆನೋವು ಇತ್ತೆಂದು ಕಾಣುತ್ತದೆ. ಮೂಲ ಸೈಲೆನ್ಸರಿನ ಹಿಂದಿನ ಕೊಳವೆಯಲ್ಲಿ ಸ್ಪ್ರಿಂಗ್ ಹಾಕಿದ ಒಂದು ಪುಟ್ಟ ಕವಾಟವಿದೆ. ಹೊಗೆಯ ಹರಿವು ಕಡಿಮೆಯಿದ್ದಾಗ ಅದು ಮುಚ್ಚಿಕೊಂಡು ಆ ತಗ್ಗು ಸ್ವರದ ಕುತ್ತಿಗೆ ಹಿಡಿಯುತ್ತದೆ. ಜೋರಾಗಿ ಓಡಿಸಿದಾಗ ತಾನೇ ತೆರೆದುಕೊಳ್ಳುತ್ತದೆ. ಸದ್ದು ಬೇಕೆನ್ನುವವರು ಮೊದಲು ಕತ್ತರಿಸುವುದು ಇದನ್ನೇ. ಆಮೇಲೆ ಡ್ರೋನ್ ತಾಳಲಾರದೆ, ನಾಲ್ಕು ಸಿಲಿಂಡರ್ ಮಲಗದಂತೆ ತಡೆಯುವ ಇನ್ನೊಂದು ಉಪಕರಣ ಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸುತ್ತಾರೆ. ಸದ್ದಿಗೆ ಒಮ್ಮೆ ದುಡ್ಡು, ಸದ್ದಿಲ್ಲದಿರುವುದಕ್ಕೆ ಇನ್ನೊಮ್ಮೆ ದುಡ್ಡು, ಮೇಲೆ ಪೆಟ್ರೋಲಿನ ದುಡ್ಡು.

ಈ ವ್ಯಾಪಾರದಲ್ಲಿ ನನಗೆ ತಮಾಷೆಯಾಗಿ ಕಾಣುವುದು ಇಲ್ಲೇ. ಕೋರ್ಸಾ ಎಂಬ ಓಹಾಯೋದ ಕಂಪನಿಯ ಸೈಲೆನ್ಸರುಗಳು ಪೇಟೆಯಲ್ಲಿ ದುಬಾರಿಯವುಗಳ ಸಾಲಿಗೆ ಸೇರಿವೆ. ಅವರ ಹೆಗ್ಗಳಿಕೆಯೇ ಡ್ರೋನ್ ಇಲ್ಲ ಎಂಬುದು. ಹೊರಗೆ ಗುಡುಗು, ಒಳಗೆ ಮೌನ. ಎಂದರೆ ಬೀದಿಯವರಿಗೆಲ್ಲ ಕೇಳಿಸಬೇಕು, ಕೊಂಡವನಿಗೆ ಮಾತ್ರ ಕೇಳಿಸಬಾರದು. ಅದಕ್ಕೆ ಹೆಚ್ಚು ಬೆಲೆ. ಇದರ ತದ್ವಿರುದ್ಧದ ಕೆಲಸವನ್ನು ಫೋರ್ಡ್ ಮಾಡಿತು. ಎಫ್-150ಯ ಟರ್ಬೋ ವಿ6 ಎಂಜಿನ್ ಸಪ್ಪೆಯಾಗಿ ಕೇಳುತ್ತದೆಂದು ಎಂಜಿನ್ನಿನ ದನಿಯನ್ನು ಹಿಗ್ಗಿಸಿ ಕ್ಯಾಬಿನ್ನಿನ ಸ್ಪೀಕರುಗಳಲ್ಲಿ ನುಡಿಸಿತು. 2015ರ ಸುಮಾರಿಗೆ ಪತ್ರಿಕೆಗಳು ಇದನ್ನು ಬರೆದಾಗ ಪಿಕಪ್ ಪ್ರಿಯರು ಮೋಸ ಹೋದವರಂತೆ ಸಿಡಿದರು. ಎಂಜಿನ್ನಿನ ದನಿಗೆ ಬಣ್ಣ ಬಳಿಯುವುದೇ ಎಂದು.

ಬಣ್ಣ ಬಳಿದದ್ದು ಹೌದು. ಆದರೆ ಆ ಬಣ್ಣ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸದ್ದು ಬೇಕಾದವನಿಗೆ ಸದ್ದು, ಬೇಡದವರಿಗೆ ಇಲ್ಲ. ನೆರೆಹೊರೆಯವರ ದೃಷ್ಟಿಯಿಂದ ಇದಕ್ಕಿಂತ ಸಭ್ಯ ಏರ್ಪಾಡು ಇರಲಾರದು. ಆದರೂ ಅದು ಯಾರಿಗೂ ಬೇಡವಾಯಿತು. ಸದ್ದು ತನ್ನ ಕಿವಿಯ ಸುಖಕ್ಕಾಗಿ ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಈಗಂತೂ ಡಾಡ್ಜ್ ಕಂಪನಿ ತನ್ನ ವಿದ್ಯುತ್ ಚಾರ್ಜರ್ ಕಾರಿಗೆ, ಹೊಗೆಯೇ ಇಲ್ಲದ ಕಾರಿಗೆ, ಸ್ಪೀಕರಿನ ಸದ್ದಿನಿಂದ ಹೊರಗಡೆ ಗುಡುಗುವ ಸೈಲೆನ್ಸರ್ ಕಟ್ಟಿ ಮಾರುತ್ತಿದೆ. ಒಳಗಿನ ಸ್ಪೀಕರಿಗೆ ಮುನಿದವರು ಹೊರಗಿನ ಸ್ಪೀಕರಿಗೆ ಏನೆನ್ನುತ್ತಾರೋ ನೋಡಬೇಕು.

ಕೆನಡಾದ ಲಂಡನ್ ಊರಿನ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಒಂದು ಅಧ್ಯಯನ ನಡೆದಿದೆ, 2023ರಲ್ಲಿ ಪ್ರಕಟವಾದದ್ದು. 529 ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು, ಸದ್ದು ಮಾಡುವ ಕಾರು ಇಷ್ಟವೇ ಎಂದು ಕೇಳಿ, ಜೊತೆಗೆ ಅವರ ಸ್ವಭಾವವನ್ನೂ ಅಳೆದರು. ಸದ್ದು ಬೇಕೆಂದವರಲ್ಲಿ ಗಂಡಸರು ಹೆಚ್ಚು, ಅದು ನಿರೀಕ್ಷಿತ. ಪರರ ಬಗ್ಗೆ ಕನಿಕರವಿಲ್ಲದಿರುವುದು, ಪರರ ನೋವಿನಲ್ಲಿ ಸುಖ ಕಾಣುವುದು, ಈ ಎರಡು ಗುಣಗಳ ಅಂಕವೂ ಅವರಲ್ಲಿ ಹೆಚ್ಚಿತ್ತಂತೆ. ನನ್ನ ಹೆಂಡತಿ ಇದನ್ನು ಎಲ್ಲಿಂದಲೋ ಹುಡುಕಿ, “ರೀ, ನಿಮ್ಮ ಬಗ್ಗೆ ಬರೆದಿದ್ದಾರೆ ನೋಡಿ” ಎಂದು ಊಟದ ಹೊತ್ತಿಗೆ ಓದಿ ಹೇಳಿದಳು. ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಉತ್ತರವನ್ನು ಲೋಕಕ್ಕೆಲ್ಲ ಅನ್ವಯಿಸಬಾರದು ಎಂದು ನಾನು ವಾದಿಸಿದೆ. ಮಕ್ಕಳು ಅಮ್ಮನ ಪಕ್ಷ.

ಕಾನೂನಿನ ಕಿವಿ ಇದಕ್ಕಿಂತ ಮಂದ. ಟೆಕ್ಸಸ್ಸಿನ ಸಾರಿಗೆ ಸಂಹಿತೆ ಹೇಳುವುದಿಷ್ಟೇ: ಗಾಡಿಗೆ ಸರಿಯಾಗಿ ಕೆಲಸ ಮಾಡುವ ಸೈಲೆನ್ಸರ್ ಇರಬೇಕು, ಅತಿಯಾದ ಅಥವಾ ಅಸಹಜವಾದ ಸದ್ದು ಬರಬಾರದು. ಅತಿ ಎಂದರೆ ಎಷ್ಟು ಎಂಬ ಅಂಕಿ ಅಲ್ಲಿಲ್ಲ. ಅದು ನಿಲ್ಲಿಸಿದ ಪೊಲೀಸರ ಕಿವಿಗೆ ಬಿಟ್ಟದ್ದು. 2025ರ ಜನವರಿಯಿಂದ ಖಾಸಗಿ ಗಾಡಿಗಳಿಗೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸುರಕ್ಷತಾ ತಪಾಸಣೆಯೂ ಹೋಯಿತು. ನಮ್ಮ ಕಡೆಯ ಕೌಂಟಿಗಳಲ್ಲಿ ಹೊಗೆ ತಪಾಸಣೆ ಮಾತ್ರ ಉಳಿದಿದೆ. ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗೆ 95 ಡೆಸಿಬೆಲ್ ಎಂಬ ಗಡಿ ಇದೆ. ನಮ್ಮ ದೇಶದಲ್ಲಿ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಶಬ್ದದ ಮಿತಿ ಮೀರಿದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಕರ್ನಾಟಕದ ಪೊಲೀಸರಿಗೆ ಅಷ್ಟರಿಂದ ತೃಪ್ತಿಯಿಲ್ಲ. ಕಿತ್ತ ಬುಲೆಟ್ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ, ಛಾಯಾಗ್ರಾಹಕರನ್ನು ಕರೆಸಿ, ಮೇಲೆ ರೋಡ್ ರೋಲರ್ ಹತ್ತಿಸುತ್ತಾರೆ. ಆ ಚಿತ್ರಗಳನ್ನು ನೋಡಿದಾಗ ನನಗೆ ನ್ಯಾಯ ಸಿಕ್ಕಿತೆಂದೂ ಅನಿಸುತ್ತದೆ, ಕ್ರೋಮಿಯಂ ಹಾಳಾಯಿತಲ್ಲ ಎಂದೂ ಅನಿಸುತ್ತದೆ.

ಡೆಸಿಬೆಲ್ ಅಂಕಿಯಲ್ಲೂ ಒಂದು ಕಳ್ಳ ಬಾಗಿಲಿದೆ. ರಸ್ತೆಯ ಸದ್ದನ್ನು ಸಾಮಾನ್ಯವಾಗಿ ಅಳೆಯುವುದು ಎ ತೂಕದ ಡೆಸಿಬೆಲ್ಲಿನಲ್ಲಿ. ಮನುಷ್ಯನ ಕಿವಿ ತಗ್ಗು ಸ್ವರಕ್ಕೆ ಕಿವುಡು ಎಂಬ ಲೆಕ್ಕದಲ್ಲಿ ಅದು 125 ಹರ್ಟ್ಜ್‌ನ ಸದ್ದಿಗೆ 16 ಡೆಸಿಬೆಲ್ ರಿಯಾಯಿತಿ ಕೊಡುತ್ತದೆ, 63 ಹರ್ಟ್ಜ್‌ಗೆ 26. ಪಿಕಪ್ಪಿನ ಗುಡುಗಿಗೆ ಸಿಗುವ ರಿಯಾಯಿತಿ ಇದು. ಕಿವಿಗೆ ಮಂದವಾದರೂ ಎದೆಗೆ, ಕಿಟಕಿಗೆ, ಗೋಡೆಗೆ ಅದು ಮಂದವಲ್ಲ. ಇಲ್ಲಿನ ಮನೆಗಳು ಹೊರಗಿನಿಂದ ಇಟ್ಟಿಗೆಯಂತೆ ಕಂಡರೂ ಒಳಗೆ ಮರದ ಚೌಕಟ್ಟು, ಅದಕ್ಕೆ ಹೊಡೆದ ಜಿಪ್ಸಂ ಹಲಗೆ. ಮಕ್ಕಳ ಕೂಗು ಆಚೆ ಹೋಗದಂತೆ ಆ ಗೋಡೆ ತಡೆಯುತ್ತದೆ. ತಗ್ಗು ಸ್ವರ ಬಾಗಿಲು ತಟ್ಟದೆ ಒಳಗೆ ಬರುತ್ತದೆ.

ಪಕ್ಕದ ಮನೆಯವರು ನಿವೃತ್ತರು. ಅವರ ಮಲಗುವ ಕೋಣೆಯ ಕಿಟಕಿ ನಮ್ಮ ಡ್ರೈವ್‌ವೇ ಕಡೆಗಿದೆ. ಅವರಿಗೊಂದು ನಾಯಿಯಿದೆ, ಅಂಚೆಯವರಿಂದ ಹಿಡಿದು ಅಳಿಲಿನವರೆಗೆ ಎಲ್ಲರ ಮೇಲೂ ವರದಿ ಒಪ್ಪಿಸುವ ಜಾತಿಯದು. ಬೆಳಗಿನ ತಣ್ಣನೆಯ ಎಂಜಿನ್ ಶುರುವಾಗುವ ಕ್ಷಣವೇ ನೆರೆಯವರಿಗೆ ಅತ್ಯಂತ ಕೆಟ್ಟ ಕ್ಷಣ ಎಂಬುದನ್ನು ಯಾವ ವಿಡಿಯೋದವನೂ ಒತ್ತಿ ಹೇಳುವುದಿಲ್ಲ. ತಣ್ಣಗಿರುವ ಕನ್ವರ್ಟರ್ ಕೆಲಸ ಮಾಡುವುದಿಲ್ಲ. ಅದನ್ನು ಬೇಗ ಕಾಯಿಸಲು ಗಾಡಿಯ ಕಂಪ್ಯೂಟರ್ ಎಂಜಿನ್ನನ್ನು ಹೆಚ್ಚು ಸುತ್ತಿಸುತ್ತದೆ, ಕಿಡಿಯನ್ನು ಬೇಕೆಂದೇ ತಡಮಾಡಿ ಬಿಸಿಯನ್ನೆಲ್ಲ ಕೊಳವೆಗೆ ತಳ್ಳುತ್ತದೆ. ಆ ಒಂದು ನಿಮಿಷ ಎಂಜಿನ್ ನಿಂತಲ್ಲೇ ಗರ್ಜಿಸುತ್ತದೆ. ಅದೂ ಜನ ಕೀಲಿಗೊಂಚಲಿನ ಗುಂಡಿ ಒತ್ತಿ ಗಾಡಿಯನ್ನು ದೂರದಿಂದಲೇ ಶುರುಮಾಡಿ, ಒಳಗೆ ಆರಾಮವಾಗಿ ಕಾಫಿ ಕುಡಿಯುತ್ತಿರುವ ಹೊತ್ತಿನಲ್ಲಿ.

ಇಷ್ಟೆಲ್ಲ ಆದ ಮೇಲೆ ನಾನು ಕೇಳಿಕೊಂಡದ್ದು ಯಾವ ಸೈಲೆನ್ಸರ್ ಚೆನ್ನಾಗಿದೆ ಎಂದಲ್ಲ. ನನಗೆ ಸದ್ದು ಯಾವಾಗ ಬೇಕು ಎಂದು. ಸಿಗ್ನಲ್ಲಿನಲ್ಲಿ ಸ್ವಲ್ಪ, ಹೆದ್ದಾರಿಗೆ ಸೇರುವ ಇಳಿಜಾರಿನಲ್ಲಿ ಕಾಲು ಒತ್ತಿದಾಗ ಪೂರ್ತಿ. ಮಿಕ್ಕ ಹೊತ್ತಿನಲ್ಲಿ ಬೇಡ. ಹಾಗೆಂದು ಯಜಮಾನರಿಗೆ ಹೇಳಿದಾಗ ಅವರು ಮೊದಲ ಬಾರಿಗೆ ನಕ್ಕರು. ಕನ್ವರ್ಟರಿನಿಂದ ಹಿಂದಿನ ಇಡೀ ಸೆಟ್ಟು ಬೇಡ, ಡಬ್ಬಿ ಮಾತ್ರ ಸಾಕು ಎಂದರು. ನೇರ ಕೊಳವೆಯ ಜಾತಿಯದೇ, ಆದರೆ ಡಬ್ಬಿ ಉದ್ದನೆಯದು. ಉದ್ದವಿದ್ದಷ್ಟೂ ನಾರು ಹೆಚ್ಚು, ಸದ್ದು ದುಂಡಗೆ. ಹಿಂದಿನ ಕೊಳವೆ, ಅದರೊಳಗಿನ ಸ್ಪ್ರಿಂಗ್ ಕವಾಟ ಹಾಗೇ ಇರಲಿ. ಇಡೀ ಸೆಟ್ಟಿನ ಬೆಲೆಯಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚಾಗುತ್ತದೆ ಎಂದರು. ದೊಡ್ಡದನ್ನು ಮಾರಬಹುದಾಗಿದ್ದ ವ್ಯಾಪಾರಿ ಚಿಕ್ಕದನ್ನು ಮಾರಿದಾಗ ಅವರನ್ನು ನಂಬದೆ ಇನ್ನಾರನ್ನು ನಂಬಲಿ?

ಗಾಡಿ ಲಿಫ್ಟಿನ ಮೇಲೇರಿತು. ಮೂಲ ಸೈಲೆನ್ಸರ್ ಮುಂದಿನ ಕೊಳವೆಯಿಂದ ಹಿಂದಿನ ಕೊಳವೆಯವರೆಗೆ ಒಂದೇ ತುಂಡಾಗಿ ಬೆಸೆದಿರುತ್ತದೆ. ಆಕ್ಸಲಿನ ಮೇಲೆ ಹಾದುಹೋಗುವ ಅದನ್ನು ಇಡಿಯಾಗಿ ಹೊರತೆಗೆಯುವುದು ದೊಡ್ಡ ರಗಳೆ, ಕತ್ತರಿಸಲೇಬೇಕು. ಸೈಲೆನ್ಸರನ್ನು ತೂಗುಹಾಕಿರುವ ರಬ್ಬರ್ ಕಿವಿಗಳಿಗೆ ಅವರು ಎಣ್ಣೆ ಸಿಂಪಡಿಸಿದರು, ಐದು ನಿಮಿಷ ಬಿಟ್ಟು ಸಲಾಕೆಯಿಂದ ಮೀಟಿದರು, ರಬ್ಬರು ಪಟ್ಟೆಂದು ಕಳಚಿಕೊಂಡಿತು. ಕತ್ತರಿಸುವ ಮುನ್ನ ಸೀಮೆಸುಣ್ಣದಿಂದ ಗುರುತು ಹಾಕಿ, ಹೊಸ ಡಬ್ಬಿಯನ್ನು ಪಕ್ಕಕ್ಕೆ ಹಿಡಿದು, ಗುರುತನ್ನು ಅರ್ಧ ಅಂಗುಲ ಹಿಂದಕ್ಕೆ ಸರಿಸಿದರು. ಕಬ್ಬಿಣ ಬಿಸಿಯಾದಾಗ ಹಿಗ್ಗುತ್ತದೆ, ಚಾಸಿಗೆ ತಾಗಿದರೆ ಜೀವಮಾನವಿಡೀ ಲೊಡಲೊಡ ಎನ್ನುತ್ತದೆ ಎಂದರು. ಬೆಸುಗೆ ಆರುವ ಮೊದಲೇ ಎಂಜಿನ್ ಶುರುಮಾಡಿ, ಒದ್ದೆ ಬಟ್ಟೆಯಿಂದ ಹಿಂದಿನ ಕೊಳವೆಯ ಬಾಯಿ ಒತ್ತಿಹಿಡಿದು, ಎಲ್ಲಾದರೂ ಹೊಗೆ ಸೋರುತ್ತದೆಯೇ ಎಂದು ಕಿವಿಗೊಟ್ಟು ನೋಡಿದರು.

ಮನೆಯವರನ್ನೆಲ್ಲ ಕೂರಿಸಿಕೊಂಡು ಲೇಕ್ ಟೆಕ್ಸೋಮಾದವರೆಗೆ ಹೋಗಿ ಬಂದೆವು. ಹೆಂಡತಿ ಬೇಕೆಂದೇ ಹಿಂದೆ ಕುಳಿತಳು. ಎಪ್ಪತ್ತು ಮೈಲಿ ವೇಗದಲ್ಲಿ ಮಕ್ಕಳ ಜಗಳ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಳೆಯ ಸೈಲೆನ್ಸರಿನಲ್ಲಿ ಕೇಳಿಸುತ್ತಿದ್ದಷ್ಟೇ. “ಬದಲಾಯಿಸಿದ್ದೀರೋ ಇಲ್ಲವೋ?” ಎಂದು ಕೇಳಿದಳು. ಶರ್ಮನ್ ಬಳಿ ಇಳಿಜಾರಿನಿಂದ ಹೆದ್ದಾರಿಗೆ ಸೇರುವಾಗ ಕಾಲು ಒತ್ತಿದೆ. ಹಿಂದಿನ ಕವಾಟ ತೆರೆದುಕೊಂಡು ಎಂಟೂ ಸಿಲಿಂಡರು ಒಟ್ಟಿಗೆ ಬಾಯಿಬಿಟ್ಟವು. ಕಿರಿಯವನು ಇನ್ನೊಮ್ಮೆ ಎಂದ. ಅವಳು ಬೇಡ ಎಂದಳು. ನಾನು ಮುಂದಿನ ಇಳಿಜಾರಿಗಾಗಿ ಕಾದೆ. ಸಂಘದ ಗೆಳೆಯರಿಗೆ ಮಾತ್ರ ನಿರಾಸೆಯಾಗಿದೆ. ಇದಕ್ಕೆ ಇಷ್ಟು ದಿನ ತಲೆಕೆಡಿಸಿಕೊಂಡಿರಾ ಸಾರ್, ಕೇಳಿಸುವುದೇ ಇಲ್ಲವಲ್ಲ ಎನ್ನುತ್ತಾರೆ.

ಡ್ರೈವ್‌ವೇಯಲ್ಲಿ ಈಗ ಗಾಡಿಯನ್ನು ರಿವರ್ಸಿನಲ್ಲಿ ನಿಲ್ಲಿಸುತ್ತೇನೆ. ಕೊಳವೆಯ ಬಾಯಿ ಬಲಗಡೆ ಹಿಂದಿನ ಚಕ್ರದ ಆಚೆಗಿರುವುದರಿಂದ ಹೀಗೆ ನಿಲ್ಲಿಸಿದರೆ ಅದು ನಮ್ಮದೇ ಮನೆಯ ಅಡುಗೆಮನೆಯ ಕಡೆಗೆ ತಿರುಗುತ್ತದೆ. ದೂರದಿಂದ ಶುರುಮಾಡುವ ಗುಂಡಿಯನ್ನು ಬೆಳಗಿನ ಏಳು ಗಂಟೆಗೆ ಮೊದಲು ಒತ್ತುವುದಿಲ್ಲ. ಒಳಗಿನ ನಾರು ಕೂರುತ್ತಾ ಹೋದಂತೆ ದನಿ ಇನ್ನೂ ಸ್ವಲ್ಪ ಏರುತ್ತದೆ, ಮೊದಲ ಕೆಲವು ಸಾವಿರ ಮೈಲಿಯ ಸದ್ದನ್ನೇ ಕೊನೆಯದೆಂದು ತಿಳಿಯಬೇಡಿ ಎಂದು ಯಜಮಾನರು ಎಚ್ಚರಿಸಿದ್ದಾರೆ. ಹಾಗಾದಾಗ ಪಕ್ಕದ ಮನೆಯವರನ್ನು ಒಂದು ಮಾತು ಕೇಳಬೇಕು. ಅವರು ಸಂಕೋಚದಿಂದ ಹೇಳದೆ ಹೋದರೂ ಅವರ ನಾಯಿ ಹೇಳುತ್ತದೆ.